ಪೊನ್ನಪ್ಪನವರ ಎರಡು ಮಾರಿಸ್

ಹಳೇ ಕಾರಿನ ಹುಚ್ಚಿನ ಪೊನ್ನಪ್ಪನವರ ಶೆಡ್ಡಿಗೆ ಅವರು ಕೊಂಡ ನಮ್ಮೂರಿನ ಪುಟ್ಟ ಮಾರಿಸ್ ಕಾರು ಯಾರೂ ಎಳೆಯದೆ ತಾನೇ ಓಡಿಕೊಂಡು ಬಂತು. ಅಲ್ಲಿ ಅದೇ ಜಾತಿಯ ಇನ್ನೊಂದು ಕಾರು ಫಳಫಳ ಹೊಳೆಯುತ್ತ ನಿಂತಿತ್ತು.

"ಅರವತ್ತು ಮೈಲಿ ಒಂದೇ ಉಸಿರಿಗೆ ಬಂದೆ ಕಣಣ್ಣಾ! ನೀನೆಷ್ಟು ಓಡ್ತೀಯ?" ಎಂದಿತು ನಮ್ಮೂರ ಕಾರು.

"ನಾನು ಓಡುವುದಿಲ್ಲ. ಪ್ರದರ್ಶನದಲ್ಲಿ ನಿಲ್ಲುತ್ತೇನೆ."

"ಥೂ, ಅದೂ ಒಂದು ಬಾಳೇ!"

ಪೊನ್ನಪ್ಪನವರು ಬಂದು ನಮ್ಮೂರ ಕಾರಿನ ದೀಪ, ಬಾಗಿಲು, ಕಾರ್ಬುರೇಟರ್ ಸವರಿ, "ಎಲ್ಲಾ ಒರಿಜಿನಲ್! ಇಂಗ್ಲೆಂಡಿನ ಮಾಲು!" ಎಂದರು.

"ಕೇಳಿದೆಯಾ? ನನ್ನ ಮೇಲೆ ಎಷ್ಟು ಪ್ರೀತಿ!" ಎಂದು ಅದು ಬೀಗಿತು.

ಸಂಜೆಯೊಳಗೆ ಅವನ್ನೆಲ್ಲ ಬಿಚ್ಚಿ ಹೊಳೆಯುವ ಕಾರಿಗೆ ಜೋಡಿಸಿದರು.

"ಅಣ್ಣಾ, ಅವರಿಗೆ ಹೇಳಪ್ಪಾ! ನಾನು ಓಡುವ ಕಾರು!"

"ಗೊತ್ತು ತಮ್ಮಾ," ಎಂದಿತು ಹೊಳೆಯುವ ಕಾರು. "ಓಡುವ ಕಾರಿನ ಪಾರ್ಟುಗಳು ಕೆಟ್ಟಿರುವುದಿಲ್ಲ. ಅದಕ್ಕೇ ಅವರು ಓಡುವುದನ್ನೇ ಹುಡುಕಿ ತರುತ್ತಾರೆ."