ನಾಲ್ಕೂರಿಗೆ ಒಂದೇ ಕುರ್ಚಿ

ಒಂದಾನೊಂದು ಕಾಲದಲ್ಲಿ, ಏಳು ಕಡಲಿನ ಆಚೆ, ಸ್ಕಾಟ್ಲೆಂಡ್ ಅನ್ನೋ ಚಳಿ ದೇಶದಲ್ಲಿ, ಕಡಲ ದಂಡೆ ಮೇಲೆ ನಾಲ್ಕು ಪುಟ್ಟ ಊರುಗಳಿದ್ದವಂತೆ, ಊರಿಗೊಂದು ದೋಣಿ ನಿಲ್ಲೋ ಬಂದರು. ರಾಜನ ಸಭೆಯಲ್ಲಿ ದೊಡ್ಡ ಪಟ್ಟಣಕ್ಕೆ ತನ್ನದೇ ಒಂದು ಕುರ್ಚಿ. ಈ ಚಿಕ್ಕವಕ್ಕೆ? ನಾಲ್ಕೂ ಸೇರಿ ಒಂದೂರು ಅಂತ ಲೆಕ್ಕ ಹಿಡಿದು ಒಂದೇ ಕುರ್ಚಿ ಕೊಟ್ಟಿದ್ದರಂತೆ.

ಆ ಸಲ ನಾಲ್ಕೂರಿನ ಪರವಾಗಿ ಆರಿಸಿ ಬಂದವನು ಕಿಲ್ಡೋನಾ ಊರಿನ ಫರ್ಗಸ್. ದೋಣಿಯ ಹಾಯಿ ಹೊಲಿದು ಬದುಕೋ ಮನುಷ್ಯ. ಪಕ್ಕದ ಆರ್ಡಲಿ ಊರಿನವರಿಗೆ ಸಿಟ್ಟೋ ಸಿಟ್ಟು. ಅಲ್ಲಿನ ಮೀನು ಮಾರೋ ಮುದುಕಿ ಮೊರಾಗ್ ಎದುರಿಗೇ ಅಂದಳಂತೆ: “ಹೋಗಪ್ಪ ಹೋಗು. ನಿನ್ನೂರಿಗೆ ಬೇಕಾದ್ದು ಕೇಳ್ಕೊಂಡು ಬರ್ತೀಯ. ನಮ್ಮ ನೆನಪು ಎಲ್ಲಿರತ್ತೆ ನಿನಗೆ?”

ಫರ್ಗಸ್ ರಾಜಧಾನಿ ದಾರಿ ಹಿಡಿದು ಹೊರಟ. ಹಿಮದಲ್ಲಿ ನಡೆದ, ನಡೆದ, ಆರ್ಡಲಿ ದಾಟೋ ಮುಂಚೆಯೇ ಜ್ವರ ಬಂದು ಬಿದ್ದ. ಕಣ್ಣು ಬಿಟ್ಟರೆ ಮೊರಾಗ್ ಮನೆ ಒಲೆ ಮುಂದೆ ಮಲಗಿದ್ದಾನೆ. ಮುದುಕಿ ಗಂಜಿ ಕುಡಿಸ್ತಿದ್ದಾಳೆ.

“ನನ್ನ ಮೇಲೆ ಸಿಟ್ಟಲ್ವಾ ಅವ್ವ?”

“ಸಿಟ್ಟಿದೆ. ಅದಕ್ಕೆ ಸಾಯೋಕೆ ಬಿಡ್ಲಾ? ಕುಡಿ.”

ಜ್ವರ ಇಳೀತು, ಕಾಲಿಗೆ ಬಲ ಬರಲಿಲ್ಲ. ಸಭೆ ದಿನ ಬಂದೇಬಿಡ್ತು. ಆಗ ಆರ್ಡಲಿಯವರೇ ಮೀನಿನ ಗಾಡಿಗೆ ಹುಲ್ಲು ಹಾಸಿ ಅವನನ್ನ ಕೂರಿಸಿ, ಹಿಮ ಸರಿಸ್ತಾ ಸರಿಸ್ತಾ ರಾಜಧಾನಿ ಮುಟ್ಟಿಸಿದರಂತೆ.

ಸಭೆಯಲ್ಲಿ ಮಂತ್ರಿ ಎದ್ದ. “ಇನ್ಮೇಲೆ ಒಂದು ಕುರ್ಚಿಗೆ ಒಂದೇ ಬಂದರು. ಮಿಕ್ಕಿದ್ದೆಲ್ಲ ಮುಚ್ಚಬೇಕು. ಫರ್ಗಸ್, ನಿನ್ನೂರಿನ ಬಂದರು ಉಳೀಲಿ ಅನ್ನು, ಸಾಕು.”

ಬಂದರು ಮುಚ್ಚಿದ ಊರಲ್ಲಿ ಮೀನು ಇಳಿಯಲ್ಲ, ಒಲೆ ಉರಿಯಲ್ಲ. ಹೂಂ ಅಂದರೆ ಅವನೂರು ಬದುಕುತ್ತೆ. ಫರ್ಗಸ್‌ಗೆ ತನ್ನ ಮಕ್ಕಳ ಮುಖ ಕಂಡಿತು. ಹಿಂದೆಯೇ ಗಂಜಿ ಬಟ್ಟಲು ಹಿಡಿದ ಮುದುಕಿಯ ಸುಕ್ಕುಗೈ ಕಂಡಿತು. ಕುರ್ಚಿ ಹಿಡ್ಕೊಂಡು ಎದ್ದು ನಿಂತನಂತೆ.

“ಮಹಾಸ್ವಾಮಿ, ಕುರ್ಚಿ ಕೊಡುವಾಗ ನಾಲ್ಕೂ ಸೇರಿ ಒಂದೇ ಊರು ಅಂದ್ರಿ. ಒಂದೂರು ಅಂದ್ಮೇಲೆ ಬಂದರೂ ಒಂದೇ. ದೋಣಿ ನಿಲ್ಲೋ ಜಾಗ ಮಾತ್ರ ನಾಲ್ಕು. ಇಲ್ಲ, ಅವು ಬೇರೆ ಬೇರೆ ಊರು ಅಂತೀರಾ? ಹಾಗಾದ್ರೆ ಇನ್ನೂ ಮೂರು ಕುರ್ಚಿ ಹಾಕ್ಸಿ!”

ರಾಜ ಮಂತ್ರಿಯ ಮುಖ ನೋಡಿದ, ಮಂತ್ರಿ ನೆಲ ನೋಡಿದ. ರಾಜ ಹೊಟ್ಟೆ ಹಿಡ್ಕೊಂಡು ನಕ್ಕು, “ನಾಲ್ಕೂ ಇರಲಿ ಬಿಡಿ” ಅಂದನಂತೆ.

ವಾಪಸ್ ಬಂದ ಫರ್ಗಸ್ ತನ್ನೂರಿಗೆ ಹೋಗೋ ಮುಂಚೆ ಮೊರಾಗ್ ಮನೆ ಬಾಗಿಲಲ್ಲಿ ಟೋಪಿ ತೆಗೆದು ನಿಂತ. “ಅವ್ವ, ನಿಮ್ಮ ಬಂದರೂ ಉಳೀತು. ನೀವು ಅವತ್ತು ಎತ್ಕೊಂಡು ಹೋಗದಿದ್ರೆ ನಾನೂ ಇಲ್ಲ, ಈ ಮಾತೂ ಇಲ್ಲ.”

ಮುದುಕಿ ಶಾಲಿನ ತುದೀಲಿ ಕಣ್ಣೊರೆಸ್ಕೊಂಡು, “ಚಳೀಲಿ ಯಾಕೆ ನಿಂತಿದ್ದೀಯ, ಒಳಗೆ ಬಾ ಮಗ” ಅಂದಳಂತೆ.

ಆ ಸಂಜೆ ನಾಲ್ಕೂರಿನವರೂ ಅವಳ ಅಂಗಳದಲ್ಲಿ ಮೀನು ಸುಟ್ಟು ಉಂಡರು. ಅವರು ಅಲ್ಲಿ ಹೊಟ್ಟೆ ತುಂಬ ಉಂಡರು, ನಾವು ಇಲ್ಲಿ ಕಿವಿ ತುಂಬ ಕೇಳಿದೆವು.