ನರಿ ತೂಬು ತೆರೆದದ್ದು

ಒಂದು ಕಾಡಿನ ನಡುವೆ ಹಳೆಯ ವಾಡೆಯೊಂದಿತ್ತು. ವಾಡೆ ಎಂದರೆ ಕೋಟೆಯಂಥ ಮನೆ. ಕಟ್ಟಿಸಿದ ದೇಸಾಯಿ ಎಂದೋ ಹೋಗಿದ್ದ. ಛಾವಣಿಯೂ ಹೋಗಿತ್ತು. ಉಳಿದದ್ದು ಗೋಡೆ, ಸುತ್ತಲಿನ ಕಂದಕ ಮತ್ತು ಕಂದಕದ ಮೂಲೆಯಲ್ಲಿದ್ದ ಮೀನುಕೊಳ. ಎರಡಕ್ಕೂ ನೀರು ಒಂದೇ.

ಈಗ ಅಲ್ಲಿ ನರಿಯೊಂದು ಒಡೆಯನಾಗಿತ್ತು. ಕಂದಕಕ್ಕೆ ಅಡ್ಡ ಬಿದ್ದಿದ್ದ ಬಿದಿರಿನ ಮೇಲೆ ಅದು ಓಡಾಡುತ್ತಿತ್ತು. ಕಾಡಿನ ಒಂದು ಕಿರುಬ ನರಿಯನ್ನು ತಿನ್ನಲು ಹೊಂಚು ಹಾಕುತ್ತಿತ್ತು, ಆದರೆ ಕಿರುಬನ ಭಾರವನ್ನು ಆ ಬಿದಿರು ತಡೆಯುತ್ತಿರಲಿಲ್ಲ. ಕಿರುಬನಿಗೆ ಈಜೂ ಬರುತ್ತಿರಲಿಲ್ಲ. ಆದ್ದರಿಂದ ನರಿ ದಿನಾ ಗೋಡೆಯ ಮೇಲೆ ನಿಂತು, "ಏನಣ್ಣಾ, ಊಟಕ್ಕೆ ಬಾ!" ಎಂದು ಕರೆಯುತ್ತಿತ್ತು. ಕಿರುಬ ಆಚೆ ದಡದಲ್ಲಿ ಕುಳಿತು ಕೇಳಿಸಿಕೊಳ್ಳುತ್ತಿತ್ತು.

ನರಿಗೆ ಮೀನಿನ ಆಸೆ. ಮೀನುಗಳೋ ತಳ ಬಿಟ್ಟು ಮೇಲೆ ಬರುತ್ತಿರಲಿಲ್ಲ. ಒಂದು ಬೆಳಿಗ್ಗೆ ನರಿ ಕೊಳದ ಏರಿಯ ಮೇಲೆ ನಿಂತಿತು.

"ಮಕ್ಕಳೇ, ನಿಮ್ಮ ಕೊಳದಲ್ಲಿ ಹೂಳು ತುಂಬಿದೆ. ತೂಬು ತೆರೆದು ನೀರು ಹೊರಗೆ ಬಿಟ್ಟು, ಹೂಳು ತೆಗೆಸುತ್ತೇನೆ. ಎರಡು ದಿನ ಅಡ್ಜಸ್ಟ್ ಮಾಡಿಕೊಳ್ಳಿ."

ಕೊಳದ ಮುದಿ ಗೆಂಡೆಮೀನು ತನ್ನ ಮರಿಗಳತ್ತ ತಿರುಗಿ ನೋಡಿತು. ತೂಬಿನಾಚೆ ಬರೀ ಬಂಡೆ. ನೀರಿಲ್ಲದೆ ಮರಿಗಳು ಬದುಕುವುದು ಹೇಗೆ?

"ನರಿರಾಯರೇ, ಬೇಡಿ. ಕೊಳದ ನೀರು ಹೋದರೆ ಕಂದಕದ ನೀರೂ ಹೋಗುತ್ತೆ."

"ನನಗೇ ಬುದ್ಧಿ ಹೇಳ್ತೀಯಾ? ನಿನಗೆ ನಿನ್ನ ಜೀವದ ಚಿಂತೆ."

"ಹೌದು, ಅದೂ ಇದೆ" ಎಂದಿತು ಗೆಂಡೆ.

ನರಿ ತೂಬಿನ ಗೂಟವನ್ನು ಕಚ್ಚಿ ಕಿತ್ತು ಎಸೆಯಿತು. ಮಧ್ಯಾಹ್ನದ ಹೊತ್ತಿಗೆ ಕೊಳದಲ್ಲಿ ಗೇಣು ನೀರು ಉಳಿಯಿತು. ಮೀನುಗಳು ಒಂದರ ಮೇಲೊಂದು ಬಿದ್ದು ಒದ್ದಾಡಿದವು. ನರಿ ಕೆಸರಿಗಿಳಿದು, ಯಾವುದು ದಪ್ಪಗಿದೆ ಎಂದು ನೋಡತೊಡಗಿತು.

"ತಮ್ಮಾ" ಎಂದು ಹಿಂದಿನಿಂದ ಯಾರೋ ಕರೆದರು.

ಕಿರುಬ. ಬತ್ತಿದ ಕಂದಕದಲ್ಲಿ ನಡೆದುಕೊಂಡೇ ಬಂದಿತ್ತು.

"ದಿನಾ ಕರೀತಿದ್ದೆಯಲ್ಲ, ಊಟಕ್ಕೆ ಬಂದೆ."

ನರಿ ತೂಬಿನೊಳಗೆ ನುಗ್ಗಿತು. ತಲೆ ಆಚೆ ಬಂತು. ಹೊಟ್ಟೆ ಬರಲಿಲ್ಲ. ಹೀಗೆ ತೂಬು ಮುಚ್ಚಿತು. ಕಂದಕದ ತಳದ ಬುಗ್ಗೆಯಿಂದ ನೀರು ಮೆಲ್ಲಗೆ ಏರಿತು. ಮರಿಮೀನುಗಳು ಬದುಕಿಕೊಂಡವು. ಗೆಂಡೆಗೆ ಸಂತೋಷದಿಂದ ಅಳು ಬಂತು, ನೀರಿನಲ್ಲಿ ಯಾರಿಗೂ ಕಾಣಲಿಲ್ಲ.

ಕಿರುಬ ಏರಿ ಹತ್ತಿ ಆಚೆ ಇಳಿದು, ನರಿಯ ಮುಖದೆದುರು ಕುಳಿತುಕೊಂಡಿತು. ಅದಕ್ಕೆ ಅವಸರವೇನೂ ಇರಲಿಲ್ಲ.

"ರಾಯರೇ" ಎಂದಿತು ಒಳಗಿನಿಂದ ಗೆಂಡೆ, "ಎರಡು ದಿನ ಅಡ್ಜಸ್ಟ್ ಮಾಡಿಕೊಳ್ಳಿ."

ನೀತಿ: ಇತರರನ್ನು ಉಳಿಸಿರುವ ನೀರೇ ನಮ್ಮನ್ನೂ ಕಾಯುತ್ತಿರಬಹುದು, ಅವರ ಕೇಡಿಗೆಂದು ಅದನ್ನು ಬತ್ತಿಸಿದವನು ಮೊದಲು ತಾನೇ ಕೆಡುತ್ತಾನೆ.