ಎರಡು ಕಾಲು, ಒಂದು ದೂರು

"ನನ್ನ ಹೆದರಿಕೆಗೆ ಈ ಜಿಲ್ಲೆಯಲ್ಲಿ ಕಳ್ಳರೇ ಹುಟ್ಟುವುದಿಲ್ಲ" ಎಂದು ನ್ಯಾಯಮೂರ್ತಿ ಪೆನ್ರೋಸ್ ಹೋದ ವರ್ಷ ಕೊಚ್ಚಿಕೊಂಡಿದ್ದರು. ಈ ವರ್ಷ ಬಾಯಿ ಬಿಡಲಿಲ್ಲ. ಕಳ್ಳರು ಹುಟ್ಟುತ್ತಿದ್ದರು, ಸಿಕ್ಕಿಬೀಳುತ್ತಿದ್ದರು, ಶಿಕ್ಷೆಯನ್ನೂ ಅನುಭವಿಸುತ್ತಿದ್ದರು. ಪೆನ್ರೋಸರ ಕೋರ್ಟಿನಲ್ಲಿ ಅಲ್ಲ, ಅಷ್ಟೆ.

ಇದು ಸಾವಿರದ ಒಂಬೈನೂರ ಇಪ್ಪತ್ತರ ಐರ್ಲೆಂಡ್. ಇಂಗ್ಲಿಷ್ ದೊರೆಯ ಆಳ್ವಿಕೆ ಬೇಡವೆಂದು ಅಲ್ಲಿನ ಜನ ಬಂದೂಕು ಹಿಡಿದದ್ದು ಎಲ್ಲರಿಗೂ ಗೊತ್ತು. ತಮ್ಮದೇ ಕೋರ್ಟು ತೆರೆದದ್ದು ಅಷ್ಟಾಗಿ ಗೊತ್ತಿಲ್ಲ. ಕೋರ್ಟು ಬಂದೂಕಿನಷ್ಟು ಸದ್ದು ಮಾಡುವುದಿಲ್ಲ. ಕಿಲ್‌ಬ್ರಾಕನ್ ಎಂಬ ಊರಿನಲ್ಲಿ ಈ ಹೊಸ ಕೋರ್ಟು ಪ್ರತಿ ಗುರುವಾರ ಹಾಲಿನ ಡೈರಿಯ ಅಟ್ಟದ ಮೇಲೆ ಕೂರುತ್ತಿತ್ತು. ಶಾಲೆಯ ಮೇಷ್ಟ್ರೇ ನ್ಯಾಯಾಧೀಶ. ಬೇಲಿ ತಗಾದೆ, ದನದ ಕಳವು ಎಲ್ಲ ಅಲ್ಲೇ ತೀರುತ್ತಿತ್ತು. ದೊರೆಯ ಕೋರ್ಟಿನ ಕಲ್ಲುಕಟ್ಟಡದಲ್ಲಿ ದುಡಿಯುತ್ತಿದ್ದದ್ದು ಜೇಡಗಳು ಮಾತ್ರ.

ಒಂದೂ ಮೊಕದ್ದಮೆ ಇಲ್ಲದಿದ್ದರೆ ನ್ಯಾಯಮೂರ್ತಿಗೆ ಒಂದು ಜೊತೆ ಬಿಳಿ ಕೈಗವಸು ಕೊಡುವುದು ಅಲ್ಲಿನ ಪದ್ಧತಿ. ಜಿಲ್ಲೆಯಲ್ಲಿ ಅಪರಾಧವೇ ಇಲ್ಲ ಎಂಬ ಗೌರವ ಅದು. ಜಿಲ್ಲೆಯಿಂದ ಜಿಲ್ಲೆಗೆ ಸುತ್ತಿ ಕೋರ್ಟು ನಡೆಸುವ ಪೆನ್ರೋಸರಿಗೆ ಆ ಬೇಸಿಗೆಯಲ್ಲಿ ಆಗಲೇ ನಾಲ್ಕು ಜಿಲ್ಲೆಗಳ ನಾಲ್ಕು ಜೊತೆ ಸಿಕ್ಕಿದ್ದವು. ಐದನೆಯದನ್ನು ತಟ್ಟೆಯಲ್ಲಿಟ್ಟು ತಂದಾಗ ಅವರಿಗೆ ರೇಗಿಹೋಯಿತು.

"ಟೂಹಿ!"

ಟೂಹಿ ಆ ಕೋರ್ಟಿನ ಬಾಗಿಲಲ್ಲಿ ನಿಂತು ಫಿರ್ಯಾದಿಗಳನ್ನು ಕೂಗಿ ಕರೆಯುವವನು. ಇಪ್ಪತ್ತಾರು ವರ್ಷದ ಸರ್ವಿಸು. ಪೆನ್ಷನ್ನಿಗೆ ಇನ್ನು ನಾಲ್ಕು ತಿಂಗಳು.

"ಬೆಳಿಗ್ಗೆ ಎಷ್ಟು ಸಲ ಕೂಗಿದೆ?"

"ಪದ್ಧತಿಯಂತೆ ಮೂರು ಸಲ, ಪ್ರಭುಗಳೇ."

"ಯಾರು ಬಂದರು?"

"ಒಂದು ನಾಯಿ ಬಂತು. ಹೇಳಿಕೆ ಕೊಡಲಿಲ್ಲ."

"ಹಲ್ಲು ಕಿರಿಯಬೇಡ. ನಾಳೆ ಹತ್ತು ಗಂಟೆಗೆ ಇಲ್ಲಿಗೆ ಒಬ್ಬ ಫಿರ್ಯಾದಿ ಬರಬೇಕು. ಪೊಲೀಸರು ಎಳೆದು ತಂದವನಲ್ಲ. ತನ್ನ ಕಾಲ ಮೇಲೆ ನಡೆದು ಬಂದು, ತನ್ನ ಬಾಯಿಂದಲೇ ದೂರು ಹೇಳುವವನು. ಬರಲಿಲ್ಲವೋ, ನೀನು ಮನೆಗೆ. ಪೆನ್ಷನ್ನೂ ಇಲ್ಲ."

"ಯಾರಾದರೂ ಆದೀತೇ, ಪ್ರಭುಗಳೇ? ಬಡವ, ಶ್ರೀಮಂತ..."

"ಎರಡು ಕಾಲು, ಒಂದು ದೂರು. ಅಷ್ಟು ಸಾಕು!"

ಟೂಹಿ ನೇರವಾಗಿ ಹೋಟೆಲಿನ ಅಡುಗೆಮನೆಗೆ ಹೋದ. ನ್ಯಾಯಮೂರ್ತಿಗಳು ಇಳಿದುಕೊಂಡಿದ್ದ ಹೋಟೆಲು ಅದು. ಅಲ್ಲಿ ಅಡುಗೆ ಮಾಡುವವಳು ಅವನ ಅಕ್ಕ ಹನೋರಾ.

"ಅಕ್ಕಾ, ದೊಡ್ಡವರು ಮೀನು ಹಿಡಿಯೋ ಗಾಳದ ಕೋಲು ಎಲ್ಲಿಡ್ತಾರೆ?"

"ಹಜಾರದ ಮೂಲೇಲಿ. ಅವರಜ್ಜನದಂತೆ, ದಿನಾ ತಾವೇ ಎಣ್ಣೆ ಹಚ್ತಾರೆ. ಯಾಕೋ?"

"ನಾಳೆ ಬೆಳಿಗ್ಗೆ ಅದು ಅಲ್ಲಿರಬಾರದು."

"ಕದಿಯೋಕೆ ಹೇಳ್ತಿದೀಯಾ? ಕೋರ್ಟಲ್ಲಿ ಕೆಲಸ ಮಾಡೋನು!"

"ಕದಿಯೋದಲ್ಲ ಕಣಕ್ಕ, ಒಂದಿನ ಎತ್ತಿಡೋದು. ಹಿಟ್ಟಿನ ಪೆಟ್ಟಿಗೆ ಹಿಂದೆ. ಇಲ್ಲದಿದ್ರೆ ನನ್ನ ಪೆನ್ಷನ್ ಹೋಯ್ತು ಅಂದ್ಕೋ."

"ನನ್ನನ್ನೇ ಹಿಡಿದ್ರೆ?"

"ಹಿಡಿದು ಯಾವ ಕೋರ್ಟಿಗೆ ಒಯ್ತಾರೆ?"

ಹನೋರಾ ಯೋಚಿಸಿದಳು. ಮಾತು ಸರಿಯಾಗಿತ್ತು. ಕೈ ಒರೆಸಿಕೊಂಡು ಹಜಾರಕ್ಕೆ ಹೋದಳು.

ಮರುದಿನ ಹತ್ತು ಗಂಟೆ. ಟೂಹಿಯ ಕೆಲಸ ಹೋಗುವುದನ್ನು ನೋಡಲು ಕೆಲವರು ಬಂದು ಕೂತಿದ್ದರು. ನೆರೆಹೊರೆಯವರು ಇಂಥದ್ದಕ್ಕೆ ಸಮಯ ಮಾಡಿಕೊಳ್ಳುತ್ತಾರೆ. ನ್ಯಾಯಮೂರ್ತಿಗಳು ಇನ್ನೂ ಬಂದಿರಲಿಲ್ಲ.

"ದೊರೆಯ ನ್ಯಾಯ ಬೇಡುವವರು ಯಾರಾದರೂ ಇದ್ದರೆ ಮುಂದೆ ಬನ್ನಿ!" ಟೂಹಿ ಕೂಗಿದ. ಯಾರೂ ಅಲ್ಲಾಡಲಿಲ್ಲ. ಎರಡನೇ ಸಲ ಕೂಗಿದ. ಯಾರೋ ಆಕಳಿಸಿದರು. ಮೂರನೇ ಸಲ ಕೂಗಿದ.

"ನಾನಿದ್ದೇನೆ!" ಬಾಗಿಲಿನಿಂದ ಗರ್ಜನೆ ಬಂತು. ವಿಗ್ಗು ವಾರೆಯಾಗಿ, ಏದುಸಿರು ಬಿಡುತ್ತ ಪೆನ್ರೋಸ್ ಒಳನುಗ್ಗಿದರು. "ನನ್ನ ಗಾಳದ ಕೋಲು ಕದ್ದಿದ್ದಾರೆ! ನಮ್ಮಜ್ಜನ ಕೋಲು!"

ಟೂಹಿ ಕಟಕಟೆಯ ಬಾಗಿಲು ತೆರೆದು ಹಿಡಿದ. "ಫಿರ್ಯಾದಿಗಳು ಇಲ್ಲಿ, ಪ್ರಭುಗಳೇ."

ಸಿಟ್ಟಿನಲ್ಲಿದ್ದ ಪೆನ್ರೋಸ್ ಹತ್ತಿ ನಿಂತೇಬಿಟ್ಟರು. ಪ್ರಮಾಣ ಮಾಡಿದರು. ಕೋಲಿನ ಉದ್ದ, ಬಣ್ಣ, ಹಿಡಿಯ ಮೇಲಿನ ಬೆಳ್ಳಿಯ ಬಳೆ, ಎಲ್ಲ ವಿವರಿಸಿದರು. "ಹುಡುಕಿ ಕೊಡಬೇಕೆಂದು ಆಜ್ಞೆಯಾಗಬೇಕು!" ಎಂದು ಪೀಠದತ್ತ ಕೈ ಎತ್ತಿದರು.

ಪೀಠದ ಮೇಲೆ ಯಾರೂ ಇರಲಿಲ್ಲ.

"ನಾನೇ ಆಜ್ಞೆ ಮಾಡುತ್ತೇನೆ" ಎಂದು ಇಳಿಯಹೊರಟರು.

"ಪ್ರಭುಗಳೇ, ಹೋದ ವರ್ಷ ಒಬ್ಬ ಮ್ಯಾಜಿಸ್ಟ್ರೇಟರು ತಮ್ಮ ಹೋರಿಯ ಮೊಕದ್ದಮೆಯನ್ನು ತಾವೇ ಕೇಳಿದರೆಂದು ಅವರ ತೀರ್ಪು ರದ್ದು ಮಾಡಿದಿರಿ. ತನ್ನ ದಾವೆಗೆ ತಾನೇ ನ್ಯಾಯಾಧೀಶನಾಗಬಾರದು ಎಂದಿರಿ. ಅದನ್ನು ಊರಿಗೆಲ್ಲ ಕೂಗಿದವನು ನಾನೇ."

"ಹಾಗಾದರೆ ಬೇರೆ ನ್ಯಾಯಮೂರ್ತಿಯನ್ನು ಕರೆಸು!"

"ಮಾರ್ಚಿನಲ್ಲಿ ಬರುತ್ತಾರೆ, ಪ್ರಭುಗಳೇ."

ಆಗಿನ್ನೂ ಜುಲೈ. ನದಿಯ ಮೀನು ಮಾರ್ಚಿನವರೆಗೆ ಕಾಯುವ ಜಾತಿಯಲ್ಲ.

"ಏಯ್ ಟೂಹಿ, ಇದೆಲ್ಲ ನಿನ್ನ..."

"ಫಿರ್ಯಾದಿಯನ್ನು ತಾ ಅಂದಿರಿ, ತಂದಿದ್ದೇನೆ. ತಮ್ಮ ಕಾಲ ಮೇಲೆ ಬಂದಿರಿ, ತಮ್ಮ ಬಾಯಿಂದಲೇ ಹೇಳಿದಿರಿ. ನ್ಯಾಯಾಧೀಶರನ್ನೂ ತಾ ಅಂದಿದ್ದರೆ ಇನ್ನೊಂದು ದಿನ ಕೇಳುತ್ತಿದ್ದೆ."

ಹಿಂದೆ ಕೂತವರು ಕೆಮ್ಮಿದರು. ನಗುವನ್ನು ಹಾಗೆ ಕೆಮ್ಮುವುದು ಅಲ್ಲಿನ ಮರ್ಯಾದೆ. ಪೆನ್ರೋಸ್ ವಿಗ್ಗು ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕಟಕಟೆಯಲ್ಲೇ ಕೂತರು.

"ಸರಿ, ನಿನ್ನ ಪೆನ್ಷನ್ ಉಳಿಯಿತು. ಇವತ್ತು ಯಾವ ವಾರ?"

"ಗುರುವಾರ, ಪ್ರಭುಗಳೇ. ಅಟ್ಟದ ಮೆಟ್ಟಿಲು ಸ್ವಲ್ಪ ಕಡಿದಾಗಿದೆ, ಜೋಪಾನ."

"ನಿನಗೆ ಹೇಗೆ ಗೊತ್ತು?"

"ನಂದೊಂದು ಬೇಲಿ ತಗಾದೆ ಇತ್ತು. ಗೆದ್ದೆ."

ಡೈರಿಯ ಅಟ್ಟದ ಕೋರ್ಟಿನಲ್ಲಿ ಕಳವಿನ ಮಾಲು ಬೇಗ ಸಿಗುತ್ತದೆ ಎಂಬ ಹೆಸರಿತ್ತು. ಕೋಲೂ ಅಂದು ಸಂಜೆಯೊಳಗೆ ಸಿಕ್ಕಿತು. ಆದರೆ ಅದಕ್ಕೆ ಮೊದಲು, ಮೆಟ್ಟಿಲು ಹತ್ತಿ ಬಂದ ಪೆನ್ರೋಸರ ಮುಂದೆ ಮೇಷ್ಟ್ರು ಒಂದು ಕಾಗದ ಇಟ್ಟರು. ಈ ಕೋರ್ಟಿನ ಮಾತಿಗೆ ಬದ್ಧ ಎಂದು ಬರೆದಿದ್ದ ಕಾಗದ. ಪೆನ್ರೋಸ್ ಅದನ್ನು ಎರಡು ಸಲ ಓದಿದರು, ಒಂದು ಅಲ್ಪವಿರಾಮ ತಿದ್ದಿದರು, ಸಹಿ ಹಾಕಿದರು.

"ಹೆಸರು?" ಮೇಷ್ಟ್ರು ಪುಸ್ತಕ ಬಿಡಿಸಿದರು.

"ಪೆನ್ರೋಸ್."

"ಕಸುಬು?"

ಹಿಂದಿನಿಂದ ಟೂಹಿ, ಇಪ್ಪತ್ತಾರು ವರ್ಷ ಪಳಗಿದ ಗಂಟಲಿನಲ್ಲಿ, ಅಟ್ಟಕ್ಕೆಲ್ಲ ಕೇಳುವಂತೆ ಹೇಳಿದ:

"ಬರಕೊಳ್ಳಿ ಮೇಷ್ಟ್ರೇ, ನ್ಯಾಯಾಧೀಶರು. ಸದ್ಯಕ್ಕೆ ಕೆಲಸವಿಲ್ಲ."

ಮೊದಲು ನಕ್ಕವರು ಪೆನ್ರೋಸರೇ.